ಹಲಗೆಯ ಮೇಲೆ ಒಬ್ಬ ಕಡಿಮೆ

1

ಯಾರೂ ಎಣಿಸದಿದ್ದರೆ ಸಾಕು.

ಗುರುವಾರ ಮಧ್ಯಾಹ್ನ ನನ್ನ ಡೈರಿಯಲ್ಲಿ ಬರೆದುಕೊಂಡ ಸಾಲು ಇದು. ಅದರ ಕೆಳಗೆ ಇನ್ನೇನೂ ಬರೆದಿಲ್ಲ, ಚಹಾದ ಒಂದು ಕಲೆ ಇದೆ. ಕಥೆಯೊಂದನ್ನು ಈ ಸಾಲಿನಿಂದ ಶುರು ಮಾಡಬಹುದೇ? ಮಾಡಿದರೆ, ಏನನ್ನು ಎಣಿಸಬಾರದು, ಯಾಕೆ ಎಣಿಸಬಾರದು ಎಂದು ನೀವು ಕೇಳುತ್ತೀರಿ. ನಾನು ಬಾಯಿ ಬಿಡಬೇಕಾಗುತ್ತದೆ. ಬಾಯಿ ಬಿಡುವ ಕೆಲಸ ತಪ್ಪಲಿ ಎಂದೇ ನಾನು ಹತ್ತು ವರ್ಷದಿಂದ ಡೈರಿ ಬರೆಯುತ್ತಿರುವುದು. ಆದ್ದರಿಂದ ಈ ಆರಂಭ ರದ್ದು.

ಇನ್ನೊಂದು ಆರಂಭ: 1398ರ ಏಪ್ರಿಲ್ ತಿಂಗಳ ಕೊನೆಯಲ್ಲಿ ಸ್ಕಾಟ್ಲೆಂಡಿನ ದೊರೆ ಮೂರನೇ ರಾಬರ್ಟನು ತನ್ನ ಹಿರಿಯ ಮಗ ಡೇವಿಡ್‌ಗೆ ಒಂದು ಹೊಸ ಪದವಿಯನ್ನು ದಯಪಾಲಿಸಿದನು. ರಾಥ್ಸಿಯ ಡ್ಯೂಕ್. ಅಂದಿನಿಂದ ಇಂದಿನವರೆಗೆ ಸ್ಕಾಟ್ಲೆಂಡಿನ ಪಟ್ಟಕ್ಕೆ ಬರಲಿರುವ ಹಿರಿಯ ಮಗನು...

(ನೋಡಿ, ನೀವು ಆಗಲೇ ಕಿಟಕಿಯಾಚೆ ನೋಡುತ್ತಿದ್ದೀರಿ. ನನ್ನ ಪದವಿ ಪರೀಕ್ಷೆಯ ಪ್ರಬಂಧವೂ ಹೀಗೇ ಶುರುವಾಗಿತ್ತು. ತಿದ್ದಿದವರು ಅಂಚಿನಲ್ಲಿ 'ಸರಿ' ಎಂದಷ್ಟೇ ಬರೆದಿದ್ದರು. 'ಚೆನ್ನಾಗಿದೆ' ಎಂದಲ್ಲ.)

ಮೂರನೆಯ ಆರಂಭ: ನಮ್ಮಮ್ಮನಿಗೆ ಇಬ್ಬರು ಹೆಣ್ಣುಮಕ್ಕಳು.

ಇದಂತೂ ಬೇಡವೇ ಬೇಡ. ತಂಗಿಯನ್ನು ಮೊದಲ ಪುಟದಲ್ಲೇ ಒಳಗೆ ಬಿಟ್ಟುಕೊಂಡರೆ ಅವಳು ಕೊನೆಯ ತನಕ ಕುರ್ಚಿ ಬಿಟ್ಟು ಏಳುವುದಿಲ್ಲ.

2

ಹಲಗೆಯಿಂದ ಶುರು ಮಾಡುವುದೇ ವಾಸಿ.

ನಮ್ಮೂರು ರಾಥ್ಸಿ. ಹುಲ್ಲಂಗಳದಲ್ಲಿ ಚೆಂಡು ಉರುಳಿಸಿ ಆಡುವ ಇಲ್ಲಿನ ಬೌಲಿಂಗ್ ಕ್ಲಬ್ಬಿನ ಗೋಡೆಗಳ ಮೇಲೆ ಮೊಳೆ ಹೊಡೆಯಲು ಜಾಗವಿಲ್ಲ, ಎಲ್ಲ ಹಲಗೆಗಳೇ. ಯಾವ ವರ್ಷ ಯಾರು ಗೆದ್ದರು ಎಂದು ಕಪ್ಪು ಮರದ ಮೇಲೆ ಚಿನ್ನದ ರೇಕಿನ ಅಕ್ಷರಗಳು. ಗಂಡಸರ ಹಲಗೆ, ಹೆಂಗಸರ ಹಲಗೆ, ಜೋಡಿಯಾಟದ ಹಲಗೆ. ಯುದ್ಧದ ವರ್ಷಗಳ ಎದುರಿಗೆ 'ಆಟ ನಡೆಯಲಿಲ್ಲ' ಎಂದು, ಅದನ್ನೂ ಅಷ್ಟೇ ಚೆಂದದ ಚಿನ್ನದಲ್ಲಿ ಬರೆದಿದೆ. ನಮ್ಮೂರಲ್ಲಿ ಸತ್ತವರ ಹೆಸರು ಸ್ಮಶಾನದ ಕಲ್ಲಿನ ಮೇಲೆ ಪಾಚಿ ಹಿಡಿದು ಹೋಗುತ್ತದೆ. ಕ್ಲಬ್ಬಿನಲ್ಲಾದರೆ ಪ್ರತಿ ಮಂಗಳವಾರ ಯಾರಾದರೂ ಬಟ್ಟೆ ತೆಗೆದುಕೊಂಡು ಒರೆಸುತ್ತಾರೆ.

ಏಪ್ರಿಲ್‌ನಲ್ಲಿ ಹುಲ್ಲಂಗಳ ತೆರೆಯುವ ಶನಿವಾರ ಒಂದು ಪದ್ಧತಿಯಿದೆ. ಮೊದಲ ಚೆಂಡು ಉರುಳುವ ಮುಂಚೆ ಕಾರ್ಯದರ್ಶಿ ಒಂದು ಹಲಗೆಯ ಹೆಸರುಗಳನ್ನು ಮೇಲಿನಿಂದ ಕೆಳಗೆ ಗಟ್ಟಿಯಾಗಿ ಓದುತ್ತಾರೆ. ಓದಿ ಮುಗಿಸಿ, ಕನ್ನಡಕ ತೆಗೆದು, "ಯಾರಾದ್ರೂ ಬಿಟ್ಟುಹೋಗಿದಾರಾ?" ಎಂದು ಕೇಳುತ್ತಾರೆ. ಚಮಚದಿಂದ ಕಪ್ಪಿನ ಅಂಚನ್ನು ಮೂರು ಸಲ ತಟ್ಟುತ್ತಾರೆ. ಮೂರನೆಯ ಸದ್ದಿನ ತನಕ ಯಾರೂ ಮಾತಾಡುವುದಿಲ್ಲ. ಆಮೇಲೆ ಚಹಾ.

ಇದು ಆರ್ಚಿ ಫೈಫ್ ಎಂಬಾತನ ದೆಸೆಯಿಂದ ಬಂದದ್ದು. 1957ರಲ್ಲಿ ಗೆದ್ದವನು ಅವನು. ಹಲಗೆ ಬರೆದವರು ಅವನ ಹೆಸರು ಬಿಟ್ಟರು. ಆರ್ಚಿ ಆ ಹಲಗೆಯ ಕೆಳಗಿನ ಬೆಂಚಿನ ಮೇಲೇ ಹತ್ತೊಂಬತ್ತು ವರ್ಷ ಕೂತು ಚಹಾ ಕುಡಿದ. ಒಂದು ಮಾತು ಆಡಲಿಲ್ಲ. ಅವನನ್ನು ಮಣ್ಣು ಮಾಡಿ ಬಂದ ದಿನ ಅವನ ಹೆಂಡತಿ ಸ್ಯಾಂಡ್‌ವಿಚ್ ತಟ್ಟೆ ಹಿಡಿದುಕೊಂಡೇ, "ಆ ಹಲಗೇಲಿ ನಮ್ಮನೆಯವ್ರಿಲ್ಲ. ನಿಮ್ಗೆಲ್ಲಾ ಗೊತ್ತಿದೆ ಅಂತ ಅವ್ರು ಅಂದ್ಕೊಂಡಿದ್ರು," ಎಂದಳಂತೆ. ಅಂದಿನಿಂದ ಈ ಪ್ರಶ್ನೆ. ಉತ್ತರ ಮಾತ್ರ ಇದುವರೆಗೆ ಯಾರೂ ಕೊಟ್ಟಿಲ್ಲ.

ಆ ಹಲಗೆ ಬರೆದಾತ ವಾಟಿ ಮೆಕ್‌ಫೇಲ್ ಅವರ ಅಪ್ಪ. ಅಪ್ಪನ ನಂತರದ ಪ್ರತಿಯೊಂದು ಹೆಸರನ್ನೂ ಬರೆದವರು ವಾಟಿ.

ಈ ಸಲ ನಮ್ಮ ಕಾರ್ಯದರ್ಶಿ ಮಿಸೆಸ್ ಗಿಲ್‌ಕ್ರಿಸ್ಟ್ ಅವರಿಗೆ ಒಂದು ಯೋಚನೆ ಬಂತು. "ಡ್ಯೂಕ್‌ಗಳದ್ದೂ ಒಂದು ಹಲಗೆ ಇರ್ಲಿ. ಆರುನೂರು ವರ್ಷದಿಂದ ನಮ್ಮೂರ ಹೆಸರು ಇಟ್ಕೊಂಡು ಮೆರೀತಿದಾರೆ. ಒಬ್ರಾದ್ರೂ ಬಂದು ಒಂದ್ ಚೆಂಡು ಉರುಳಿಸಿದಾರಾ?"

"ಚಪ್ಪಟೆ ಅಟ್ಟೆ ಬೂಟು ಹಾಕದೋರನ್ನ ಒಳಗೆ ಬಿಡಲ್ಲ ಅಂತ ನಿಯಮ ಇದೆ," ಎಂದರು ವಾಟಿ.

"ಹೆಸರು ಬರೋಕೆ ಬೂಟು ಬೇಡ ವಾಟಿ. ಪಟ್ಟಿ ಯಾರು ಮಾಡ್ಕೊಡ್ತೀರಾ?"

"ಮೋರ್ವೆನ್ ಮಾಡ್ತಾಳೆ. ಗ್ಲಾಸ್ಗೋದಲ್ಲಿ ಹಿಸ್ಟರಿ ಓದಿ ಬಂದು ಚಹಾ ಸೋಸ್ತಿದಾಳೆ, ಪಾಪ," ಎಂದಳು ನನ್ನ ತಂಗಿ ರೋನಾ.

ಮೋರ್ವೆನ್ ಎಂದರೆ ನಾನು. ಅವಳ ಪಕ್ಕದಲ್ಲೇ ಇದ್ದೆ. ಬಾಯಿ ತುಂಬ ಸ್ಕೋನ್ ಬನ್ ಇತ್ತು.

4

ರಾಥ್ಸಿಯ ಡ್ಯೂಕ್‌ಗಳ ಪಟ್ಟಿ ಮಾಡುವುದೆಂದರೆ ಮಂದೆಯಲ್ಲಿ ಕುರಿ ಎಣಿಸಿದ ಹಾಗೆ, ಎಲ್ಲ ಕುರಿಗಳ ಹೆಸರೂ ಜೇಮ್ಸ್.

ಮೊದಲನೆಯವನು ಮಾತ್ರ ಡೇವಿಡ್. ಅವನಿಗೆ ಮುಂಚೆ ಸ್ಕಾಟ್ಲೆಂಡಿನಲ್ಲಿ ಡ್ಯೂಕ್ ಎಂಬುದೇ ಇರಲಿಲ್ಲ. ಅದೇ ದಿನ ಅವನ ಚಿಕ್ಕಪ್ಪನಿಗೂ ಒಂದು ಸಿಕ್ಕಿತು, ಆಲ್ಬನಿಯದು. ನಾಲ್ಕು ವರ್ಷ ತುಂಬುವಷ್ಟರಲ್ಲಿ ಡೇವಿಡ್ ಆ ಚಿಕ್ಕಪ್ಪನ ಸೆರೆಯಲ್ಲಿ ಸತ್ತ. ಹೊಟ್ಟೆಗೆ ಹಾಕದೆ ಕೊಂದರು ಎಂದು ಜನ ಆಡಿಕೊಂಡರು, ವಿಚಾರಣೆ ನಡೆಸಿದವರು ಚಿಕ್ಕಪ್ಪನದೇನೂ ತಪ್ಪಿಲ್ಲ ಎಂದರು. (ಕ್ಲಬ್ಬಿನಲ್ಲಿ ರೋನಾ ಈ ವಿಷಯ ಓದಿ ಹೇಳಿದಾಗ ಮಿಸೆಸ್ ಗಿಲ್‌ಕ್ರಿಸ್ಟ್, "ಚಿಕ್ಕಪ್ಪ ಅನ್ನಿಸ್ಕೊಂಡೋನು! ಒಂದು ಬಟ್ಟಲು ಗಂಜಿಗೆ ಗತಿ ಇರ್ಲಿಲ್ವಾ?" ಎಂದು ಕೇಳಿದ್ದು ಆರುನೂರು ವರ್ಷದ ಹಿಂದಿನವನನ್ನಲ್ಲ, ಎದುರು ಮನೆಯವನನ್ನು ಎಂಬ ಹಾಗಿತ್ತು.) ಎರಡನೆಯವನು ಡೇವಿಡ್‌ನ ತಮ್ಮ ಜೇಮ್ಸ್. ಚಿಕ್ಕಪ್ಪನ ಕೈಗೆ ಸಿಗದಿರಲಿ ಎಂದು ಫ್ರಾನ್ಸಿಗೆ ಹಡಗು ಹತ್ತಿಸಿದರೆ ನಡುನೀರಿನಲ್ಲಿ ಇಂಗ್ಲಿಷರ ಕೈಗೆ ಸಿಕ್ಕಿ ಹದಿನೆಂಟು ವರ್ಷ ಅಲ್ಲೇ ಉಳಿದ. "ನಮ್ ಫೆರ್ರಿ ಹತ್ತಿದ್ರೆ ಅರ್ಧ ಗಂಟೆ ಲೇಟಾಗ್ತಿತ್ತು, ಅಷ್ಟೇ," ಎಂದಳು ರೋನಾ. ಅವಳು ಜನರನ್ನು ಆಚೆ ದಡಕ್ಕೆ ದಾಟಿಸುವ ಆ ಫೆರ್ರಿ ಹಡಗಿನಲ್ಲಿ ಹಗ್ಗ ಎಸೆಯುವ ಕೆಲಸದಲ್ಲಿದ್ದಾಳೆ.

ಅಲ್ಲಿಂದ ಮುಂದೆ ಜೇಮ್ಸ್, ಜೇಮ್ಸ್, ಜೇಮ್ಸ್. 1469ರಲ್ಲಿ ಕಾಯಿದೆಯಾಯಿತು, ಇನ್ನು ಈ ಪದವಿಯನ್ನು ಯಾರೂ ಕೊಡಬೇಕಾಗಿಲ್ಲ, ದೊರೆಯ ಹಿರಿಯ ಮಗನಾಗಿ ಹುಟ್ಟಿದರೆ ಸಾಕು. ತೊಟ್ಟಿಲಿಗೆ ಬೀಳುವ ಮುಂಚೆ ಡ್ಯೂಕ್. ಒಬ್ಬ ಒಂದು ವರ್ಷವಿದ್ದ, ಅವನ ಹಿಂದೆ ಬಂದ ಆರ್ಥರ್ ಒಂಬತ್ತು ತಿಂಗಳಿದ್ದ. 1629ರ ಒಬ್ಬ ಚಾರ್ಲ್ಸ್ ಒಂದೇ ಒಂದು ದಿನ.

"ಒಂದ್ ದಿನ ಇದ್ದೋನಿಗೂ ಚಿನ್ನನಾ?" ಎಂದು ಮಿಸೆಸ್ ಗಿಲ್‌ಕ್ರಿಸ್ಟ್ ಹುಬ್ಬೇರಿಸಿದರು.

ವಾಟಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದರು. "ಎದುರಾಳಿ ಬರ್ಲಿಲ್ಲ ಅಂತ ಆಡದೇ ಗೆದ್ದೋರ ಹೆಸರು ಹಾಕ್ತೀವೋ ಇಲ್ವೋ?"

"ಹಾಕ್ತೀವಿ."

"ಹಾಗೇ ಇದೂ. ಆಡಿದ್ನಾ ಇಲ್ವಾ ನಂಗ್ ಬೇಡ. ಅವನ ಸರದಿ ಬಂದಿತ್ತಾ? ಬಂದಿತ್ತು ಅಂದ್ರೆ ಹಲಗೇಲಿ ಇರ್ಬೇಕು."

ದೊರೆಗೆ ಗಂಡುಮಗುವೇ ಇಲ್ಲದ ವರ್ಷಗಳಿಗೆ ಏನು ಬರೆಯುವುದು ಎಂದು ನಾನು ಚೀಟಿಯಲ್ಲಿ ಬರೆದು ಕೇಳಿದೆ. (ಹೌದು, ಚೀಟಿಯಲ್ಲಿ. ನಗಬೇಡಿ.) ವಾಟಿ ಯೋಚಿಸಲೇ ಇಲ್ಲ. "ಆಟ ನಡೆಯಲಿಲ್ಲ."

ಪಟ್ಟಿಯ ಕೊನೆಯ ಸಾಲಿನವರು ಈಗಲೂ ಇದ್ದಾರೆ. ಅವರ ವಿಷಯ ಬೇಡ, ಬದುಕಿರುವವರನ್ನು ಬರೆಯಲು ನನಗೆ ಭಯ.

ಈಗ ತಪ್ಪಿಗೆ ಬರುತ್ತೇನೆ. ಪಟ್ಟಿ ಟೈಪು ಮಾಡುವಾಗ ಒಂದು ಕಡೆ ಎರಡು ಸಾಲು ಹೆಚ್ಚುಕಡಿಮೆ ಒಂದೇ ಥರ ಕಂಡವು. ಹುಟ್ಟಿದ್ದು ಅಕ್ಟೋಬರ್ 16, 1430. ಸ್ಥಳ ಎಡಿನ್‌ಬರೋದ ಹೋಲಿರೂಡ್. ಅದೇ ತಂದೆ, ಅದೇ ತಾಯಿ. ಒಂದು ಸಾಲಿನ ತುದಿಯಲ್ಲಿ 'ದೊರೆಯಾದ' ಎಂದಿತ್ತು, ಇನ್ನೊಂದರ ತುದಿ ಖಾಲಿ. ಒಂದೇ ಸಾಲು ಎರಡು ಸಲ ಬಿದ್ದಿದೆ ಎಂದುಕೊಂಡು ಖಾಲಿ ಇದ್ದದ್ದನ್ನು ಅಳಿಸಿದೆ. ಹೆಸರು ಕೂಡ ನೋಡಲಿಲ್ಲ.

ಗುರುವಾರ ಬೆಳಿಗ್ಗೆ ನಾನು ಕೆಲಸ ಮಾಡುವ ಬಂದರಿನ ಚಹಾದಂಗಡಿಗೆ ರೋನಾ ಎರಡು ಫೆರ್ರಿಗಳ ನಡುವೆ ಬೇಕನ್ ರೋಲ್ ತಿನ್ನಲು ಬಂದಳು. ಪ್ರವಾಸಕ್ಕೆ ಬಂದ ಒಬ್ಬ ಹೆಂಗಸು ನಮ್ಮಿಬ್ಬರನ್ನು ನೋಡಿ, "ಅಯ್ಯೋ, ಒಂದೇ ಅಚ್ಚು! ಒಂದೇ ದಿನ ಹುಟ್ಟಿದ್ದಾ ನೀವು?" ಎಂದಳು.

"ಒಂದೇ ದಿನ, ಒಂದೇ ಊರು, ಒಂದೇ ಅಪ್ಪ, ಒಂದೇ ಅಮ್ಮ," ಎಂದಳು ರೋನಾ, ಯಾವಾಗಲೂ ಹೇಳುವ ಹಾಗೆ.

ನನ್ನ ಕೈಯಲ್ಲಿದ್ದ ಕಪ್ಪಿನಿಂದ ಚಹಾ ಡೈರಿಯ ಮೇಲೆ ಚೆಲ್ಲಿತು.

ಅವರು ಅವಳಿ. ನಾನು ಅಳಿಸಿದ್ದು ಅಲೆಕ್ಸಾಂಡರ್‌ನನ್ನು. ತುದಿ ಖಾಲಿ ಇದ್ದದ್ದು ಯಾಕೆಂದರೆ ಅವನು ಕೂಸಾಗಿದ್ದಾಗಲೇ ಸತ್ತ, ಯಾವ ದಿನ ಎಂದು ಯಾರೂ ಬರೆದಿಡಲಿಲ್ಲ. ತಮ್ಮ ಜೇಮ್ಸ್ ದೊರೆಯಾದ. ಈ ಹೊತ್ತಿಗೆ ವಾಟಿ ಕೊನೆಯ ಸಾಲಿನ ಚಿನ್ನ ಅಂಟಿಸಿ ಮುಗಿಸಿ ಒಂದು ದಿನವಾಗಿತ್ತು.

(ಅವಳಿಯಲ್ಲೊಬ್ಬಳು ಅವಳಿಯಲ್ಲೊಬ್ಬನನ್ನು ಅಳಿಸಿದಳು. ತೀರಾ ಹೊಂದಿಸಿ ಕಟ್ಟಿದ ಹಾಗಿದೆ ಎನ್ನುತ್ತೀರಿ. ನನಗೂ ಹಾಗೇ ಅನಿಸಿತು. ದೂರು ಇದ್ದರೆ ನಮ್ಮಮ್ಮನಿಗೆ ಹೇಳಿ, ಅವಳು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಳು.)

5

ಹೊಂದಿಕೆ ಜಾಸ್ತಿಯಾಯಿತು ಎಂದು ರೋನಾಳನ್ನು ಕಥೆಯಿಂದ ತೆಗೆದು ಹಾಕಿದೆ. ಆ ಕರಡು ಹೀಗಿದೆ:

"ಪಟ್ಟಿ ಯಾರು ಮಾಡ್ಕೊಡ್ತೀರಾ?" ಎಂದು ಮಿಸೆಸ್ ಗಿಲ್‌ಕ್ರಿಸ್ಟ್ ಕೇಳಿದರು. ಯಾರೂ ಮಾತಾಡಲಿಲ್ಲ. ಚರಿತ್ರೆ ಓದಿದ ಹುಡುಗಿಯೊಬ್ಬಳು ಮೂಲೆಯಲ್ಲಿ ಕೂತು ಸ್ಕೋನ್ ತಿನ್ನುತ್ತಿದ್ದಳು. ಪಟ್ಟಿಯನ್ನು ಬೇರೆ ಯಾರೋ ಮಾಡಿದರು, ಸರಿಯಾಗಿ ಮಾಡಿದರು. ಮುಗಿಯಿತು.

ಎಂಟು ವಾಕ್ಯವೂ ಬರಲಿಲ್ಲ. ತಂಗಿಯಿಲ್ಲದಿದ್ದರೆ ನನ್ನ ಬದುಕಿನಲ್ಲಿ ಏನೂ ನಡೆಯುವುದೇ ಇಲ್ಲ ಎಂದು ಕಾಣುತ್ತದೆ, ತಪ್ಪು ಕೂಡ.

"ನನ್ ಹೆಸರೆಲ್ಲಿ?"

ರೋನಾ ಹೆಗಲ ಹಿಂದೆ ನಿಂತು ಓದುತ್ತಿದ್ದಳು. ಉಪ್ಪುನೀರಿನ ವಾಸನೆ, ಕಿತ್ತಳೆ ಬಣ್ಣದ ಜಾಕೆಟ್ಟು.

"ಕಥೆಗೆ ಬೇಕಾಗಿತ್ತು ಕಣೇ."

"ನನ್ನ ಕಿತ್ತಾಕೋದು ಕಥೆಗೆ ಬೇಕಾಗಿತ್ತಾ? ಹೆಂಗಸರ ಹಲಗೇಲಿ ನನ್ ಹೆಸರು ಎರಡು ಸಲ ಇದೆ ಗೊತ್ತಾ?"

"ಗೊತ್ತು. ಅದಕ್ಕೆ ಊರವ್ರೆಲ್ಲಾ ಬಂದು ನಂಗೇ ಕೈ ಕುಲುಕಿದ್ರು."

"ನೀನೇನಂದೆ?"

"ಥ್ಯಾಂಕ್ಸ್ ಅಂದೆ."

ರೋನಾ ನಕ್ಕಳು. ಆಮೇಲೆ ಡೈರಿಯ ಹಿಂದಿನ ಪುಟ ತಿರುವಿದಳು. ಅಲ್ಲಿ ಸಿಕ್ಕಿಸಿಟ್ಟಿದ್ದ ಪಟ್ಟಿಯ ಅಂಚಿನಲ್ಲಿ 'ಅಲೆಕ್ಸಾಂಡರ್ ಬಿಟ್ಟುಹೋಗಿದ್ದಾನೆ' ಎಂದು ಬರೆದಿದ್ದೆ. ನಾನು ಕೈ ಅಡ್ಡ ಇಟ್ಟೆ, ತಡವಾಗಿತ್ತು. ಅವಳ ನಗು ನಿಂತಿತು. "ಒಬ್ಬನ್ನ ಬಿಟ್ಟಿದೀಯಾ? ವಾಟಿ ಹಲಗೇಲಾ?"

"ಹೂಂ."

"ನಾನ್ ಹೇಳ್ಬಿಡ್ತೀನಿ ಬಿಡು. ಈಗ್ಲೇ ಹೋಗಿ—"

"ಬೇಡ್ವೇ."

"ಮತ್ತೆ ನೀನ್ ಹೇಳ್ತೀಯಾ? ಡೈರಿಗಾ?"

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ಮೊದಲಿನಿಂದ ಅವಳನ್ನು ತಂಗಿ ತಂಗಿ ಎನ್ನುತ್ತಿದ್ದೇನೆ, ಗಮನಿಸಿದ್ದೀರಿ ತಾನೇ? ನಾನು ಹನ್ನೆರಡು ನಿಮಿಷ ಮುಂಚೆ ಹುಟ್ಟಿದವಳು. ಊರಿನಲ್ಲಿ ಇದು ನೆನಪಿರುವುದು ಅಮ್ಮನಿಗೆ, ನನಗೆ. ಮಿಕ್ಕವರೆಲ್ಲ ರೋನಾಳೇ ದೊಡ್ಡವಳು ಎಂದುಕೊಂಡಿದ್ದಾರೆ. ಮೊದಲು ಮಾತಾಡಿದವಳು ಅವಳು, ಮೊದಲು ನಡೆದವಳು ಅವಳು, ನನಗೆ ಐಸ್‌ಕ್ರೀಮ್ ಯಾವುದು ಬೇಕೆಂದು ಹೇಳುತ್ತಿದ್ದವಳೂ ಅವಳೇ. (ಸರಿಯಾಗಿಯೇ ಹೇಳುತ್ತಿದ್ದಳು. ಅದೇ ತೊಂದರೆ.) ಇಷ್ಟು ವರ್ಷ ನಾನು ಯಾರನ್ನೂ ತಿದ್ದಿಲ್ಲ.

"ಸರಿ," ಎಂದಳು ರೋನಾ. "ಶನಿವಾರ ಮಿಸೆಸ್ ಗಿಲ್‌ಕ್ರಿಸ್ಟ್ ಕಪ್ಪಿಗೆ ಮೂರು ಸಲ ಹೊಡೀತಾರಲ್ಲ, ಎರಡರ ತನಕ ನಾನ್ ಬಾಯಿ ಮುಚ್ಕೊಂಡಿರ್ತೀನಿ. ಎರಡಾದ್ಮೇಲೆ ನಾನೇ ಹೇಳೋದು. ಆರ್ಚಿ ಫೈಫ್ ಥರ ನೀನು ಬೆಂಚ್ ಮೇಲೆ ಕೂತಿರೋದನ್ನ ನಾನ್ ನೋಡಕಾಗಲ್ಲಮ್ಮ."

6

ಶುಕ್ರವಾರ ವಾಟಿಯ ಷೆಡ್ಡಿಗೆ ಹೋದೆ. ಎಲ್ಲರ ಮುಂದೆ ಹೇಳುವುದಕ್ಕಿಂತ ಒಬ್ಬರ ಮುಂದೆ ಹೇಳುವುದು ಸುಲಭ ಎಂದುಕೊಂಡೆ.

ಕರಡು ಒಂದು: ನಾನು ಬಾಗಿಲು ತಟ್ಟಿ ಒಳಗೆ ಹೋಗಿ, "ವಾಟಿ, ಒಂದು ತಪ್ಪಾಗಿದೆ," ಎಂದೆ. ಮುದುಕ ಕಿಟಕಿಯಾಚೆ ಕಡಲನ್ನು ನೋಡುತ್ತಾ ನಿಧಾನವಾಗಿ, "ಮಗಳೇ, ಬದುಕೇ ಒಂದು ಹಲಗೆ, ಅದರಲ್ಲಿ..." ಎಂದರು.

("ನಿಲ್ಲಿಸು, ನಿಲ್ಲಿಸು," ಎಂದರು ವಾಟಿ. "ನಾನ್ಯಾವಾಗ ಹಂಗೆ ಮಾತಾಡಿದೀನಿ ಮರೀ? ನನ್ ಕಿಟಕಿಯಿಂದ ಕಡಲು ಕಾಣಲ್ಲ, ಪಕ್ಕದ್ಮನೆ ಕೋಳಿಗೂಡು ಕಾಣುತ್ತೆ. ನನ್ನ ಜ್ಞಾನಿ ಮುದುಕನ್ನ ಮಾಡೋದಾದ್ರೆ ನಾನ್ ಈ ಕಥೇಲಿ ಇರಲ್ಲ.")

ಕರಡು ಎರಡು: ವಾಟಿಗೆ ಮೊದಲೇ ಅನುಮಾನ ಬಂದಿತ್ತು. ಎರಡನೆಯ ಮತ್ತು ಮೂರನೆಯ ಹೆಸರಿನ ನಡುವೆ ಒಂದು ಸಾಲಿನಷ್ಟು ಜಾಗ ಬಿಟ್ಟಿದ್ದರು. ನಾನು ಹೇಳಿದ ಕೂಡಲೇ ಮುಗುಳ್ನಗುತ್ತಾ ಕುಂಚ ಕೈಗೆತ್ತಿಕೊಂಡರು.

("ಜಾಗ ಬಿಟ್ಟಿದ್ನಾ? ನಾನಾ? ಸ್ಕೇಲು ಹಿಡಿದು ಮೂರು ದಿನ ಅಳತೆ ಹಾಕಿದೀನಿ. ಆ ಸಾಲಿನ ಮಧ್ಯ ಇರುವೆ ಕೂಡ ಬಗ್ಗಿ ಹೋಗ್ಬೇಕು.")

ನಿಜವಾಗಿ ನಡೆದದ್ದು ಇಷ್ಟು. ಷೆಡ್ಡಿನ ಬಾಗಿಲು ತೆರೆದೇ ಇತ್ತು. ಹಲಗೆ ಗೋಡೆಗೆ ಒರಗಿ ನಿಂತಿತ್ತು. ವಾಟಿ ಒಂದು ಅಕ್ಷರದ ಅಂಚು ತಿದ್ದುತ್ತಿದ್ದರು. ಎಪ್ಪತ್ತೆಂಟು ವಯಸ್ಸು. ಕೈ ನಡುಗುತ್ತದೆ, ಕುಂಚ ಮರ ಮುಟ್ಟುವ ತನಕ ಮಾತ್ರ. ರೇಕು ಎತ್ತುವ ಚಪ್ಪಟೆ ಕುಂಚವನ್ನು ಮೊದಲು ಕೆನ್ನೆಗೆ ಒಮ್ಮೆ ಸವರಿಕೊಳ್ಳುತ್ತಾರೆ, ಚರ್ಮದ ಜಿಡ್ಡಿಗೆ ರೇಕು ಅಂಟಿಕೊಂಡು ಬರುತ್ತದಂತೆ. ಹಾಗಾಗಿ ಅವರ ಎಡಗೆನ್ನೆಯ ಮೇಲೆ ಯಾವಾಗಲೂ ಒಂದು ಚೂರು ಚಿನ್ನ ಹೊಳೆಯುತ್ತಿರುತ್ತದೆ.

"ಬಂದ್ಯಾ ಮರಿ? ನೋಡು, ನಿನ್ ಡ್ಯೂಕ್‌ಗಳು ಎಷ್ಟು ನೆಟ್ಟಗೆ ನಿಂತಿದಾರೆ. ಬದುಕಿದ್ದಾಗ ಒಂದಿನಾನೂ ಹೀಗೆ ನಿಂತಿರ್ಲಿಕ್ಕಿಲ್ಲ ನನ್ ಮಕ್ಕಳು."

"ವಾಟಿ—"

"ಇದೇ ಕೊನೇದು. ಮುಂದಿನ ವರ್ಷದಿಂದ ಕಂಪ್ಯೂಟರ್‌ನಲ್ಲಿ ಕತ್ತರಿಸಿ ಅಂಟಿಸ್ತಾರಂತೆ. ಅಂಟಿಸ್ಲಿ." ಅವರು ಡಬ್ಬಿ ತೆರೆದು ಹಾಲುಸಕ್ಕರೆಯ ಮಿಠಾಯಿ ಮುಂದೆ ಹಿಡಿದರು. "ನಮ್ಮಪ್ಪ ಒಬ್ಬನ್ನ ಬಿಟ್ರು. ಬೀದೀಲಿ ಆರ್ಚಿ ಹೆಂಡ್ತಿ ಎದುರು ಬಂದ್ರೆ ರಸ್ತೆ ದಾಟಿ ಹೋಗ್ತಿದ್ರು, ಸಾಯೋ ತನಕ. ನಾನು ಐವತ್ತೊಂದು ವರ್ಷದಲ್ಲಿ ಒಬ್ಬನ್ನೂ ಬಿಟ್ಟಿಲ್ಲ ಕಣಮ್ಮ. ಒಬ್ಬನ್ನೂ."

ನಾನು ಮೂರು ಮಿಠಾಯಿ ತಿಂದೆ. "ಚೆನ್ನಾಗಿದೆ," ಎಂದೆ. ಮನೆಗೆ ಬಂದೆ.

(ಮಿಠಾಯಿಯ ಬಗ್ಗೆ ಹೇಳಿದ್ದು ಎಂದು ಆಮೇಲೆ ನನಗೆ ನಾನೇ ಸಮಾಧಾನ ಮಾಡಿಕೊಂಡೆ.)

7

ಈ ಕಥೆಗೆ ಮುಕ್ತಾಯಗಳು ಬೇಕಾದಷ್ಟಿವೆ. ನಿಮಗೆ ಯಾವುದು ಒಗ್ಗುತ್ತದೋ ನೋಡಿ.

ಮೊದಲನೆಯದರಲ್ಲಿ ನಾನು ಸುಮ್ಮನಿರುತ್ತೇನೆ. ಮಿಸೆಸ್ ಗಿಲ್‌ಕ್ರಿಸ್ಟ್ ಮೂರು ಸಲ ತಟ್ಟುತ್ತಾರೆ, ಚಹಾ ಬರುತ್ತದೆ. ವಾಟಿ ತಮ್ಮ ಲೆಕ್ಕವನ್ನು ಚೊಕ್ಕವಾಗಿಟ್ಟುಕೊಂಡೇ ನಿವೃತ್ತರಾಗುತ್ತಾರೆ. ನಾನು ಆ ಹಲಗೆಯ ಕೆಳಗಿನ ಬೆಂಚಿನ ಮೇಲೆ ಹತ್ತೊಂಬತ್ತು ವರ್ಷ ಕೂರುತ್ತೇನೆ. ಈ ಮುಕ್ತಾಯ ನನಗೆ ತುಂಬ ಹಿಡಿಸಿತ್ತು. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು. ಕಷ್ಟವೆಂದರೆ ರೋನಾ ಎಂಬ ಪಾತ್ರ ಎರಡನೆಯ ಸದ್ದಿನ ನಂತರ ಸುಮ್ಮನಿರಲು ಒಪ್ಪುತ್ತಿಲ್ಲ.

ಎರಡನೆಯದರಲ್ಲಿ ರೋನಾ ಹೇಳುತ್ತಾಳೆ. ಎಲ್ಲರೂ "ಭೇಷ್ ರೋನಾ, ಎಂಥ ಕಣ್ಣು ನಿಂದು!" ಎಂದು ನನ್ನ ಕೈ ಕುಲುಕುತ್ತಾರೆ.

ಮೂರನೆಯದರಲ್ಲಿ ಕಡಲಹಕ್ಕಿಯೊಂದು ತೆರೆದ ಕಿಟಕಿಯಿಂದ ಒಳಗೆ ನುಗ್ಗಿ ಮಾಂಸದ ಕಡುಬಿಗೆ ಬಾಯಿ ಹಾಕುತ್ತದೆ. ಮಿಸೆಸ್ ಗಿಲ್‌ಕ್ರಿಸ್ಟ್ ಪೊರಕೆ ಬೀಸುತ್ತಾರೆ, ಹಲಗೆ ಕೆಳಗೆ ಬಿದ್ದು ಸೀಳುತ್ತದೆ, ಹೊಸದು ಬರೆಯಲೇಬೇಕಾಗುತ್ತದೆ. ನಮ್ಮೂರನ್ನು ಬಲ್ಲವರಿಗೆ ಇದು ನಂಬಲು ಅಷ್ಟೇನೂ ಕಷ್ಟವಾಗದು, ಇಲ್ಲಿ ಆ ಹಕ್ಕಿಗಳು ಮಗುವಿನ ಕೈಯಿಂದ ಚಿಪ್ಸ್ ಕಿತ್ತುಕೊಂಡು ಮಗುವನ್ನೇ ಗದರುತ್ತವೆ. ಆದರೆ ನನ್ನ ತಪ್ಪಿಗೆ ಹಕ್ಕಿಯನ್ನು ಹೊಣೆ ಮಾಡುವುದು ಸರಿ ಕಾಣಲಿಲ್ಲ.

ನಾಲ್ಕನೆಯದು ನಡೆದೇ ಹೋಗಿದೆ. ಶನಿವಾರ ಬೆಳಿಗ್ಗೆ ನಮ್ಮೂರ ಹಳೆಯ ಕೋಟೆಯ ಕಂದಕದ ಬಳಿ ಹೋಗಿ ಬಾತುಕೋಳಿಗಳ ಎದುರು ಹೇಳಿ ಅಭ್ಯಾಸ ಮಾಡಿದೆ. ನಾಲ್ಕು ಸಲ ಹೇಳಿದೆ. ಮೂರನೆಯ ಸಲಕ್ಕೆ ಧ್ವನಿ ಬಂತು. ಬಾತುಕೋಳಿಗಳು ಕ್ಷಮಿಸಿದವು ಅಥವಾ ನಾನು ಬ್ರೆಡ್ಡು ತಂದಿಲ್ಲವೆಂದು ಹೊರಟುಹೋದವು.

8

ಇಷ್ಟು ದೂರ ಓದಿಕೊಂಡು ಬಂದಿರಿ. ಒಂದು, ಎರಡು, ಆಮೇಲೆ ನಾಲ್ಕು. ಮೂರನೆಯ ಭಾಗ ಎಲ್ಲಿ ಎಂದು ನೀವು ಕೇಳಲಿಲ್ಲ.

(ಕೇಳಿದ್ದರೆ ಕ್ಷಮೆಯಿರಲಿ. ನೀವು ನಮ್ಮ ಕ್ಲಬ್ಬಿಗೆ ಕಾರ್ಯದರ್ಶಿಯಾಗಬಹುದು.)

ಆಕ್ಷೇಪಿಸುತ್ತಿಲ್ಲ. ನಾನೂ ಕೇಳಿರಲಿಲ್ಲ. ಎರಡರ ಹಿಂದೆ ನಾಲ್ಕು ಬಂದು ನೆಟ್ಟಗೆ ನಿಂತರೆ ಕಣ್ಣು ಅದನ್ನೇ ಮೂರು ಎಂದುಕೊಂಡು ಮುಂದೆ ಹೋಗುತ್ತದೆ. ಹಲಗೆಯ ಮೇಲೆ ಅಲೆಕ್ಸಾಂಡರ್ ನಿಲ್ಲಬೇಕಾಗಿದ್ದದ್ದು ಮೂರನೆಯ ಸಾಲಿನಲ್ಲಿ. ಅವನ ಸರದಿ ಬಂದಿತ್ತು. ಅದನ್ನು ತಮ್ಮನ ಹೆಸರಿನ ಸಾಲು ಎಂದುಕೊಂಡು ಅಳಿಸಿದವಳು ನಾನು.

ಮೂರನೆಯ ಭಾಗವನ್ನು ಈಗ ಕೊಡುತ್ತೇನೆ. ಅದರ ಆಚೆಗೆ ಏನಾಯಿತು ಎಂದು ಮಾತ್ರ ಬರೆಯುವುದಿಲ್ಲ. ಚಹಾ ಬಂತೇ, ವಾಟಿ ಏನೆಂದರು, ಹಲಗೆ ಈಗ ಗೋಡೆಯ ಮೇಲಿದೆಯೇ ಷೆಡ್ಡಿನಲ್ಲಿದೆಯೇ, ಕೇಳಬೇಡಿ. ನಮ್ಮೂರಿಗೆ ಬಂದವರು ಸಾಮಾನ್ಯವಾಗಿ ಕೋಟೆ ನೋಡಲು ಬಂದೆವು ಎಂದು ಹೇಳಿ ಬಂದರಿನ ಹಳೆಯ ಕಾಲದ ಅಲಂಕಾರದ ಶೌಚಾಲಯದ ಫೋಟೋ ತೆಗೆದುಕೊಂಡು ಹೋಗುತ್ತಾರೆ. ನೀವು ಬಂದರೆ ನಾಲ್ಕು ಹೆಜ್ಜೆ ಮುಂದೆ ನಡೆದು ಕ್ಲಬ್ಬಿಗೆ ಬನ್ನಿ, ನೀವೇ ಎಣಿಸಿಕೊಳ್ಳಿ. ಚಪ್ಪಟೆ ಅಟ್ಟೆಯ ಬೂಟು ಮರೆಯಬೇಡಿ.

3

ಶನಿವಾರ ಬಿಸಿಲಿತ್ತು. ಹುಲ್ಲಂಗಳವನ್ನು ಹಿಂದಿನ ದಿನವಷ್ಟೇ ಕತ್ತರಿಸಿದ್ದರು, ಬಾಗಿಲಿನಿಂದ ಆ ವಾಸನೆ ಬರುತ್ತಿತ್ತು. ಎಲ್ಲರೂ ಬಿಳಿ ಬಟ್ಟೆಯಲ್ಲಿದ್ದರು. ನಾನು ಹಿಂದಿನ ಸಾಲಿನಲ್ಲಿ, ಚಹಾದ ದೊಡ್ಡ ಪಾತ್ರೆಯ ಪಕ್ಕದಲ್ಲಿ ನಿಂತಿದ್ದೆ. ರೋನಾ ನನಗೆ ಅಂಟಿಕೊಂಡು ನಿಂತಿದ್ದಳು.

ಹಲಗೆಗೆ ಹೊದಿಸಿದ್ದ ಬಟ್ಟೆ ಸರಿಸಿದಾಗ "ಓಹ್" ಎಂದರು ಎಲ್ಲರೂ. ಅಷ್ಟು ಚೆನ್ನಾಗಿತ್ತು. ವಾಟಿ ಟೈ ಕಟ್ಟಿಕೊಂಡು ಮುಂದಿನ ಬೆಂಚಿನ ಮೇಲೆ ಕೂತಿದ್ದರು. ಮುಖ ಚೆನ್ನಾಗಿ ತೊಳೆದಿದ್ದರೂ ಎಡಗೆನ್ನೆಯ ಮೇಲೆ ಆ ಚೂರು ಇನ್ನೂ ಇತ್ತು.

ಮಿಸೆಸ್ ಗಿಲ್‌ಕ್ರಿಸ್ಟ್ ಓದಿದರು. "ಡೇವಿಡ್." ಯಾರೋ ಹಿಂದಿನಿಂದ "ಊಟ ಹಾಕ್ರೋ ಅವನಿಗೆ" ಎಂದರು, ನಗು. "ಜೇಮ್ಸ್." "ಜೇಮ್ಸ್." ಇಲ್ಲೇ, ಈ ಎರಡು ಜೇಮ್ಸ್‌ಗಳ ನಡುವೆ, ಅವರು ಉಸಿರು ಕೂಡ ತೆಗೆದುಕೊಳ್ಳಲಿಲ್ಲ. ಅವರು ಓದುತ್ತಾ ಹೋದರು. ಒಂದು ವರ್ಷದವನು, ಒಂಬತ್ತು ತಿಂಗಳಿನವನು, ಒಂದು ದಿನದವನು. ಆಟ ನಡೆಯಲಿಲ್ಲ. ಕೊನೆಯ ಹೆಸರಿಗೆ ಚಪ್ಪಾಳೆ. ಅವರು ಕನ್ನಡಕ ತೆಗೆದರು.

"ಯಾರಾದ್ರೂ ಬಿಟ್ಟುಹೋಗಿದಾರಾ?"

ವಾಟಿ ಆಗಲೇ ಎದ್ದು ನಿಲ್ಲಲು ಬೆಂಚಿನ ಅಂಚು ಹಿಡಿದುಕೊಂಡಿದ್ದರು. ಅವರಿಗೆ ಗೊತ್ತಿತ್ತು, ಈ ಪ್ರಶ್ನೆಗೆ ಉತ್ತರ ಬರುವುದಿಲ್ಲ.

ಚಮಚ ಕಪ್ಪಿಗೆ ತಗುಲಿತು. ಒಂದು.

ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ಐವತ್ತೊಂದು ವರ್ಷ, ಎಂದುಕೊಂಡೆ. ರಸ್ತೆ ದಾಟಿ ಹೋಗುತ್ತಿದ್ದ ಅಪ್ಪ, ಎಂದುಕೊಂಡೆ. ಅವನ ಸರದಿ ಬಂದಿತ್ತಾ ಎಂದು ಕೇಳಿದ್ದವರು ವಾಟಿಯೇ ಅಲ್ಲವೇ, ಎಂದೂ ಅಂದುಕೊಂಡೆ.

ಎರಡು.

ರೋನಾ ಉಸಿರೆಳೆದುಕೊಂಡಳು. ಅವಳು ಬಾಯಿ ತೆರೆಯುವ ಮುಂಚಿನ ಆ ಉಸಿರು ನನಗೆ ಹುಟ್ಟಿದಾಗಿನಿಂದ ಗೊತ್ತು. ನಾನು ಅವಳ ಮಣಿಕಟ್ಟು ಹಿಡಿದೆ. ಚಿವುಟಿದೆ ಎಂದು ಅವಳು ಈಗಲೂ ಹೇಳುತ್ತಾಳೆ.

"ಒಬ್ಬ ಕಡಿಮೆ ಇದಾನೆ," ಎಂದೆ.

ಇಡೀ ಕೋಣೆ ತಿರುಗಿ ರೋನಾಳನ್ನು ನೋಡಿತು. ಅವಳು ತಾನಲ್ಲವೆಂದು ತಲೆಯಾಡಿಸಿ ಬೆರಳಿನಿಂದ ನನ್ನನ್ನು ತೋರಿಸಿದಳು. ಮಿಸೆಸ್ ಗಿಲ್‌ಕ್ರಿಸ್ಟ್ ಅವರ ಚಮಚ ಮೂರನೆಯ ಸದ್ದು ಮಾಡದೆ ಗಾಳಿಯಲ್ಲೇ ನಿಂತಿತ್ತು. ವಾಟಿ ಅರ್ಧ ಎದ್ದವರು ಹಾಗೇ ಬಾಗಿಕೊಂಡು ನನ್ನನ್ನೇ ನೋಡುತ್ತಿದ್ದರು.

"ವಾಟಿ ಬಿಟ್ಟಿದ್ದಲ್ಲ. ನಾನು ಪಟ್ಟಿಯಿಂದ ಅಳಿಸಿದೆ. ಅಲೆಕ್ಸಾಂಡರ್ ಅಂತ. ಅವರಿಬ್ರೂ ಅವಳಿ ಮಕ್ಳು, ನಾನು ಒಬ್ನೇ ಅಂದ್ಕೊಂಡೆ." ಧ್ವನಿ ಬಾತುಕೋಳಿಗಳ ಎದುರಿಗಿದ್ದಷ್ಟು ಚೆನ್ನಾಗಿರಲಿಲ್ಲ, ಆದರೆ ನಿಂತಿರಲಿಲ್ಲ.

"ಆ ಜೇಮ್ಸ್‌ಗೆ ಅವಳೀನಾ?" ಎಂದರು ಮಿಸೆಸ್ ಗಿಲ್‌ಕ್ರಿಸ್ಟ್. "ತಮ್ಮನಾ?"

"ಅಲ್ಲ," ಎಂದೆ. "ಅವನೇ ದೊಡ್ಡೋನು."